ನಲವತ್ತು ದಿನದ ದ್ವೀಪ

ಮೆಸ್ತ್ರೆ, ಬೆಳಗಿನ ತಿಂಡಿ

ಪ್ರವಾಸದ ಆರನೆಯ ಬೆಳಗ್ಗೆ ನನ್ನ ತಂಗಿ ನಿಂಗಮ್ಮ ಮೊಸರನ್ನಕ್ಕೆ ಒಗ್ಗರಣೆ ಬೇಡ ಎಂದಳು. ಅಲ್ಲಿಯವರೆಗೆ ಇಟಲಿಯಲ್ಲಿ ನಾವು ನೋಡಿದ್ದನ್ನು ಯಾರು ಬೇಕಾದರೂ ಬರೆಯಬಹುದು. ವಾಲಿದ ಗೋಪುರ ವಾಲಿಯೇ ಇದೆ, ರೋಮಿನ ಕಾರಂಜಿಗೆ ಜನ ನಾಣ್ಯ ಎಸೆಯುತ್ತಲೇ ಇದ್ದಾರೆ. ನಾನು ಹೇಳಬೇಕಾದ್ದು ಆ ಒಗ್ಗರಣೆಯಿಂದ ಮುಂದಿನದು.

ನಾವು ಇಪ್ಪತ್ತು ಜನ, ರಾಮನಗರ, ಚನ್ನಪಟ್ಟಣ, ಮಾಗಡಿ ಕಡೆಯವರು. ಕರೆದುಕೊಂಡು ಬಂದವರು ಚನ್ನಪಟ್ಟಣದ ಕೆಂಪರಾಜು. ವರ್ಷಗಟ್ಟಲೆ ಕಾಶಿ, ರಾಮೇಶ್ವರಕ್ಕೆ ಬಸ್ಸು ಹೊರಡಿಸುತ್ತಿದ್ದವರು ಮೊದಲ ಸಲ ಯುರೋಪಿಗೆ ಕೈ ಹಾಕಿದ್ದರು. ಕಾಶಿ ಬಸ್ಸಿನ ಪದ್ಧತಿಯಂತೆ ಅಡುಗೆಯವರನ್ನೂ ಜೊತೆಗೆ ತಂದಿದ್ದರು. ವೆನಿಸ್ ನೀರಿನ ಮೇಲಿನ ಊರು. ನಮ್ಮಂಥ ಗುಂಪುಗಳು ಉಳಿಯುವುದು ಸೇತುವೆಯ ಈಚೆ, ಮೆಸ್ತ್ರೆ ಎಂಬ ಒಣ ನೆಲದ ಊರಿನಲ್ಲಿ. ಅಲ್ಲಿನ ಹೋಟೆಲಿನವರು ಅಡುಗೆಮನೆಯ ಒಂದು ಒಲೆಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ಬೆಳಗ್ಗೆ ಏಳಕ್ಕೆ ಇಂಗು, ಸಾಸಿವೆಯ ಘಾಟು ಎದ್ದೊಡನೆ ಪಕ್ಕದ ಮೇಜಿನ ಜರ್ಮನ್ ದಂಪತಿ ತಮ್ಮ ಬ್ರೆಡ್ಡಿನ ತಟ್ಟೆ ಹಿಡಿದು ಕಿಟಕಿಯ ಕಡೆ ಹೋಗುತ್ತಿದ್ದರು. ಮುಖ ಸಿಂಡರಿಸುತ್ತಿರಲಿಲ್ಲ, ಬಗ್ಗಿ ನಮಸ್ಕಾರ ಮಾಡಿಯೇ ಹೋಗುತ್ತಿದ್ದರು.

"ಬುಡಕ್ಕ, ನಂಗ್ಯಾಕೋ ಒಗ್ಗರ್ಣೆ ಬ್ಯಾಡ. ಬರೀ ಮೊಸರು ಅನ್ನ ಸಾಕು" ಎಂದಳು ನಿಂಗಮ್ಮ.

ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. ನಾನು ಅವಳ ತಲೆ ನೋಡಿದೆ. ಬಾಚಿರಲಿಲ್ಲ. ಹಿಂದಿನ ರಾತ್ರಿ, ಹಾಸಿಗೆ ಮೆತ್ತಗಾಯಿತು ಎಂದು ನೆಲಕ್ಕೆ ಸೀರೆ ಹಾಸಿಕೊಂಡು ಮಲಗಿದ್ದಳು. ನಮ್ಮ ಕಡೆ ಈ ಮೂರೂ ಒಟ್ಟಿಗೆ ಸೇರಿದರೆ ಅದಕ್ಕೆ ಅರ್ಥ ಒಂದೇ. ಮನೆಗೆ ಅಮ್ಮ ಬಂದಿದ್ದಾಳೆ. ಡಾಕ್ಟರು ಚಿಕನ್ ಪಾಕ್ಸ್ ಎನ್ನುವುದನ್ನು ನಾವು ಅಮ್ಮ ಎನ್ನುತ್ತೇವೆ. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆಯ ಘಾಟು ಏಳಬಾರದು, ಮೈಮೇಲೆ ಬಂದವರು ತಲೆ ಬಾಚಬಾರದು, ಮೆತ್ತೆಯ ಮೇಲೆ ಮಲಗಬಾರದು. ಬಾಗಿಲಿಗೆ ಬೇವಿನ ಸೊಪ್ಪು ಸಿಗಿಸುತ್ತಾರೆ. ಅದನ್ನು ಕಂಡವರು ಕೂಗಿ ಮಾತಾಡಿಸಿ ಅಂಗಳದಿಂದಲೇ ಹಿಂದಕ್ಕೆ ಹೋಗುತ್ತಾರೆ.

"ಮೈ ಬಿಸಿ ಐತೇನೆ?" ಎಂದು ಕೇಳಿದೆ.

"ಒಸಿ ಸುಸ್ತು ಅಷ್ಟೆ. ನೀನೊಬ್ಳು, ಎಲ್ಲಾದ್ರಲ್ಲೂ ರೋಗ ಉಡುಕ್ತೀಯ."

ಅವಳು ಆಡಿಕೊಂಡದ್ದರಲ್ಲಿ ನಿಜವಿತ್ತು. ರೋಗ ಹುಡುಕುವುದೇ ನನ್ನ ಉದ್ಯೋಗವಾಗಿತ್ತು. ರೇಷ್ಮೆ ಮೊಟ್ಟೆ ತಯಾರಿಸುವ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಸೂಕ್ಷ್ಮದರ್ಶಕದ ಮುಂದೆ ಕೂತವಳು ನಾನು. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು, ಅದರ ಒಂದು ಹನಿಯನ್ನು ಗಾಜಿನ ಮೇಲೆ ನೋಡುವುದು. ತಾಯಿಯಿಂದ ಮರಿಗೆ ದಾಟುವ ಗಂಟುರೋಗದ ಕಾಳು ಒಂದೇ ಒಂದು ಕಂಡರೂ ಆ ಚಿಟ್ಟೆಯ ಮೊಟ್ಟೆಯನ್ನೆಲ್ಲ ಸುಡುವುದು. ಯಾರದು, ಎಷ್ಟು ಎಂದು ಕೇಳುವಂತಿಲ್ಲ. ಬೆಳಗ್ಗೆ ಆರಕ್ಕೆ ಎದ್ದು, ಕಾಲು ತೊಳೆದು, ಸುಣ್ಣದ ಪುಡಿ ತುಳಿದೇ ಒಳಗೆ ಹೋಗುವುದು. ನಿವೃತ್ತಿಯಾದ ಮೇಲೂ ಆರು ಗಂಟೆ ಬಿಡಲಿಲ್ಲ.

ಅಷ್ಟರಲ್ಲಿ ಸುಷ್ಮಾ ಬಂದು ನಿಂಗಮ್ಮನ ಪಕ್ಕದ ಕುರ್ಚಿ ಎಳೆದುಕೊಂಡಳು. ಮಾಗಡಿಯ ಹುಡುಗಿ, ಗಂಡ ಹರೀಶನ ಜೊತೆ ಬಂದಿದ್ದಳು. ಹೊರಡುವ ವೇಳೆಗೆ ಐದು ತಿಂಗಳಾಗಿತ್ತು. ಡಾಕ್ಟರು ಹೋಗಿ ಬಾ ಎಂದಿದ್ದರಂತೆ. ಹೆಣ್ಣುಮಕ್ಕಳಿಲ್ಲದ ನಿಂಗಮ್ಮ ವಿಮಾನ ಹತ್ತುವ ಮೊದಲೇ ಅವಳನ್ನು ಮಗಳು ಮಾಡಿಕೊಂಡಿದ್ದಳು. ಬಸ್ಸಿನಲ್ಲಿ ಅವಳ ತಲೆಗೆ ಹೆಗಲು ಕೊಡುವುದು, ನೆನೆಸಿಟ್ಟ ಬಾದಾಮಿ ತಿನ್ನಿಸುವುದು, ಕಾಲು ಒತ್ತುವುದು.

"ಅವ್ವಾ, ಇವತ್ತು ಜಡೆ ಹಾಕಲ್ವಾ ನಂಗೆ?" ಎಂದು ಅವಳು ಬೆನ್ನು ತಿರುಗಿಸಿ ಕೂತಳು.

ನಿಂಗಮ್ಮ ನನ್ನ ಮುಖ ನೋಡಲಿಲ್ಲ. "ನಾಳಿಕೆ ಹಾಕ್ತೀನಿ ಕಣವ್ವ, ಇವತ್ತು ಕೈ ನೋಯ್ತಾವೆ" ಎಂದಳು.

ಕೆಟ್ಟು ನಿಂತ ದೋಣಿ

ಆ ದಿನ ಮಧ್ಯಾಹ್ನ ಲೇಸ್ ಹೆಣೆಯುವವರ ದ್ವೀಪಕ್ಕೆ ಹೋಗಬೇಕಾಗಿತ್ತು. ನಮ್ಮ ಗೈಡ್ ಪಾವೊಲಾ, ಐವತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು. ದೋಣಿ ಹತ್ತುವ ಮುಂಚೆ ಕಟ್ಟೆಯಂಥ ಕೌಂಟರಿನ ಮುಂದೆ ನಿಂತು, ಎರಡು ಗುಟುಕಿಗೆ ಕಾಫಿ ಮುಗಿಸಿದಳು. ಅಲ್ಲಿ ಎಲ್ಲರೂ ಹಾಗೆಯೇ. ಕೂತು ಕುಡಿಯುವವರು ಪರವೂರಿನವರು ಮಾತ್ರ. ನಮ್ಮಲ್ಲಿ ಬೈಟು ಕಾಫಿಗೆ ಅರ್ಧ ಗಂಟೆ ಕೂತು ಊರಿನ ವಿಚಾರವನ್ನೆಲ್ಲ ಮುಗಿಸುವವರನ್ನು ನೆನೆದುಕೊಂಡೆ.

ದೋಣಿಯಲ್ಲಿ ನಾನು ಸುಷ್ಮಾಳನ್ನು ಮುಂದಿನ ಸಾಲಿಗೆ ಕರೆದೆ. "ಇಲ್ಲಿ ಗಾಳಿ ಚೆನ್ನಾಗಿದೆ ಬಾಮ್ಮ" ಎಂದೆ. "ಬೇಡ ಮೇಡಂ, ಅವ್ವನ ಹತ್ರಾನೇ ಚೆನ್ನಾಗೈತೆ" ಎಂದು ನಿಂಗಮ್ಮನ ತೋಳಿಗೆ ತೋಳು ಸೇರಿಸಿ ಕೂತಳು. ನಿಂಗಮ್ಮ ಜೂನಿನ ಬಿಸಿಲಿನಲ್ಲೂ ಉದ್ದ ತೋಳಿನ ಸ್ವೆಟರ್ ಹಾಕಿದ್ದಳು. ಅದು ನನಗೆ ನಾಲ್ಕನೆಯ ಗುರುತು. ಆದರೂ ನೋಡದೆ ಹೇಳಬಾರದು ಎಂದು ಸುಮ್ಮನಾದೆ. ಗಾಜಿನ ಮೇಲೆ ಕಾಣದ್ದನ್ನು ಪುಸ್ತಕದಲ್ಲಿ ಬರೆದವಳಲ್ಲ ನಾನು.

ಅರ್ಧ ದಾರಿಯಲ್ಲಿ ಎಂಜಿನ್ ಕೆಮ್ಮಿ ನಿಂತಿತು.

"ಬಿಡದಿ ತಾವ ಬಸ್ ನಿಂತಂಗೆ ನಿಂತ್ಕಬುಡ್ತಲ್ಲ!" ಎಂದರು ಕೆಂಪರಾಜು. "ಇಳ್ದು ತಳ್ಳಾಣ ಅಂದ್ರೆ ನೀರು."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಿಂತ ದೋಣಿಯಲ್ಲಿ ಇಪ್ಪತ್ತು ಜನರ ಉಸಿರು ಒಂದೇ ಕಡೆ ಇತ್ತು. ದೋಣಿಯವನು ಉದ್ದನೆಯ ಕೋಲು ಊರಿಕೊಂಡು ಹತ್ತಿರದ ಒಂದು ದ್ವೀಪದ ಕಟ್ಟೆಗೆ ತಂದು ನಿಲ್ಲಿಸಿದ. ಸುತ್ತ ಜೌಗು, ಹುಲ್ಲು, ಒಳಗೆ ಇಟ್ಟಿಗೆಯ ಗೋಡೆ. ಪಾವೊಲಾಳ ಮುಖ ಅರಳಿತು. ರಜೆಯ ದಿನಗಳಲ್ಲಿ ಆ ದ್ವೀಪವನ್ನು ಜನರಿಗೆ ತೋರಿಸುವುದು ಅವಳ ಹವ್ಯಾಸವಂತೆ. ಬೇರೆ ದೋಣಿ ಬರಲು ಒಂದು ಗಂಟೆ, ಬನ್ನಿ ನೋಡೋಣ ಎಂದಳು.

ದ್ವೀಪ

ಒಳಗೆ ನೂರು ಹೆಜ್ಜೆಗೂ ಉದ್ದದ ಒಂದು ಕಟ್ಟಡ. ಮರದ ತೊಲೆಗಳ ಸೂರು, ಗಾಳಿಯಾಡಲು ಸಾಲು ಕಮಾನು. ಮೊದಲ ನೋಟಕ್ಕೆ ನನಗೆ ನಮ್ಮ ರಾಮನಗರದ ಗೂಡಿನ ಮಾರುಕಟ್ಟೆಯ ಹಜಾರ ಕಂಡಿತು. ಅಲ್ಲಿಯ ಗದ್ದಲ ಮಾತ್ರ ಇರಲಿಲ್ಲ. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರಹ, ಹಡಗಿನ ಚಿತ್ರ, ಗುರುತು.

ಪಾವೊಲಾ ಇಂಗ್ಲಿಷಿನಲ್ಲಿ ಹೇಳಿದಳು, ನಾನು ಕನ್ನಡಕ್ಕೆ ತಿರುಗಿಸುತ್ತಾ ಹೋದೆ. ಆರುನೂರು ವರ್ಷಗಳಿಗೂ ಹಿಂದೆ ಪ್ಲೇಗ್ ಬಂದ ಕಾಲ. ವೆನಿಸಿಗೆ ಹಡಗು ಬರದಿದ್ದರೆ ಊಟವಿಲ್ಲ, ಬಂದರೆ ಹಡಗಿನ ಜೊತೆ ಸಾವು. ಆಚೆ ದಡದ ಇನ್ನೊಂದು ಊರಿನವರು, ಬಂದವರನ್ನು ಮೂವತ್ತು ದಿನ ಹೊರಗೇ ನಿಲ್ಲಿಸುವ ಪದ್ಧತಿ ಮಾಡಿದ್ದರು. ಮುಂದೆ ಅದು ನಲವತ್ತಾಯಿತು. ಇವರ ಭಾಷೆಯಲ್ಲಿ ನಲವತ್ತಕ್ಕೆ ಕ್ವಾರಾಂತ ಎನ್ನುತ್ತಾರೆ. ಅನುಮಾನದ ಹಡಗಿನವರು ಸರಕು ಸಮೇತ ಈ ದ್ವೀಪದಲ್ಲಿ ಇಳಿದು ಆ ನಲವತ್ತು ದಿನ ಕಾಯಬೇಕಿತ್ತು.

"ಕ್ವಾರಂಟೈನ್" ಎಂದಳು ಪಾವೊಲಾ. "ಆ ಪದದೊಳಗೆ ರೋಗವೂ ಇಲ್ಲ, ಬೀಗವೂ ಇಲ್ಲ. ಅದು ಬರೀ ನಲವತ್ತು."

ನಾನು ತಿರುಗಿಸಿ ಹೇಳುವುದನ್ನು ಮರೆತೆ. ಇಲಾಖೆಯಲ್ಲಿ ಆ ಪದವನ್ನು ಸಾವಿರ ಸಲ ಬರೆದಿದ್ದೇನೆ. ಹೊರಗಿನಿಂದ ಬಂದ ತಳಿಗೆ ಕ್ವಾರಂಟೈನ್, ಅನುಮಾನದ ಹುಳುತಟ್ಟೆಗೆ ಕ್ವಾರಂಟೈನ್. ಅದು ಯಾರೋ ಡಾಕ್ಟರು ಲ್ಯಾಟಿನ್ನಿನಲ್ಲಿ ಹುಟ್ಟಿಸಿದ ಗಟ್ಟಿ ಪದ ಎಂದುಕೊಂಡಿದ್ದೆ. ನಮ್ಮ ಅಜ್ಜಿ ಮಂಡಲ ಎಂದು ನಲವತ್ತೆಂಟು ದಿನ ಎಣಿಸುತ್ತಿದ್ದಂತೆ ಇವರೂ ಬೆರಳು ಮಡಚಿ ಎಣಿಸಿದ್ದರು.

"ಹಂಗಾರೆ ಕೊರೋನದಲ್ಲಿ ನಮ್ ಬಾಗ್ಲಿಗೆ ಅಂಟ್ಸಿದ್ ಕಾಗ್ದ ಇವರದೇನಾ!" ಎಂದರು ಕೆಂಪರಾಜು. "ನಮ್ ಹೆಂಡ್ರು ಅದನ್ನ ಕಿತ್ತಾಕಿ ಅಂಗ್ಡಿಗೆ ಓಗಿದ್ಲು. ಇಲ್ಲಾಗಿದ್ರೆ ಏನ್ ಮಾಡೋರಂತೆ ಕೇಳಿ ಮೇಡಂ."

ಕೇಳಿದೆ. ದೊಡ್ಡ ಶಿಕ್ಷೆ ಎಂದಳು ಪಾವೊಲಾ. ನಲವತ್ತೇ ಯಾಕೆ, ಯಾರಾದರೂ ಅಳೆದು ನೋಡಿದ್ದರೇ ಎಂದು ನಾನೇ ಕೇಳಿದೆ. ಇಲ್ಲ, ಏಸು ಮರುಭೂಮಿಯಲ್ಲಿ ಉಪವಾಸವಿದ್ದದ್ದು ನಲವತ್ತು ದಿನ, ಅದರಿಂದ ಇರಬಹುದು ಎನ್ನುತ್ತಾರೆ ಎಂದಳು. ಆಮೇಲೆ ಒಂದು ಮಾತು ಸೇರಿಸಿದಳು. "ರೋಗ ಬಂದವರನ್ನು ಬೇರೆ ದ್ವೀಪಕ್ಕೆ ಕಳಿಸುತ್ತಿದ್ದರು. ಇಲ್ಲಿದ್ದವರು ರೋಗಿಗಳಲ್ಲ. ತಮಗೆ ಬಂದಿದೆಯೋ ಇಲ್ಲವೋ ಗೊತ್ತಿಲ್ಲದವರು."

ನಾನು ಹಿಂತಿರುಗಿ ನೋಡಿದೆ. ಸುಷ್ಮಾ ದಣಿದು, ಕಮಾನಿನ ಕೆಳಗಿನ ಕಲ್ಲಿನ ಮೇಲೆ ನಿಂಗಮ್ಮನ ಹೆಗಲಿಗೆ ಕೆನ್ನೆ ಇಟ್ಟು ಕೂತಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು.

"ನಿಂಗಿ, ಬಾ ಇಲ್ಲಿ" ಎಂದೆ. ಅವಳ ಕೈ ಹಿಡಿದು ಗೋಡೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಸ್ವೆಟರಿನ ತೋಳು ಮೇಲಕ್ಕೆ ಎಳೆದೆ. ಮೊಣಕೈವರೆಗೆ ಹೆಸರುಕಾಳಿನಷ್ಟು ಗಾತ್ರದ ನೀರುಗುಳ್ಳೆಗಳು. ಕೆಲವು ಆಗತಾನೇ ಎದ್ದವು.

"ಯಾವಾಗಿಂದ?"

"ನೆನ್ನೆ ಸಂದೆ. ಅಕ್ಕ, ಯಾರ್ಗೂ ಯೋಳ್ಬ್ಯಾಡ. ಕಬ್ಬಾಳಮ್ಮನ ಆಣೆ."

"ಎಲ್ಲಿಂದ ಬಂತು?"

"ಪಕ್ಕದ್ ಮನೆ ಮಗೀಗೆ ಬಂದಿತ್ತು. ಎಳ್ನೀರ್ ಕೊಟ್ ಬಂದೆ, ಹೊರಡಕ್ಕೆ ವಾರದ್ ಮುಂಚೆ. ನಂಗೇನ್ ಗೊತ್ತು, ಈ ವಯಸ್ನಲ್ಲಿ ಬತ್ತಾಳೆ ಅಂತ."

ನನಗೆ ಗೊತ್ತಿರಬೇಕಾಗಿತ್ತು. ಚಿಕ್ಕಂದಿನಲ್ಲಿ ನನಗೆ ಅಮ್ಮ ಬಂದಾಗ ಅವಳನ್ನು ಕಬ್ಬಾಳಿನ ಅಜ್ಜಿಯ ಮನೆಗೆ ಕಳಿಸಿದ್ದರು. ಅವಳು ಅಂದು ತಪ್ಪಿಸಿಕೊಂಡದ್ದು ಅರವತ್ತೆರಡರಲ್ಲಿ ಬಂದು ಹಿಡಿದಿತ್ತು.

"ಸುಷ್ಮಾ ಬಸುರಿ ಕಣೆ" ಎಂದೆ. "ಮಗೂಗೆ ತೊಂದರೆಯಾಗಬಹುದು."

"ಅಮ್ಮ ಬಸುರೀರ್ಗೆ ಏನೂ ಮಾಡಕಿಲ್ಲ. ಬಾಯ್ಬುಟ್ಟು ಊರಿಗೆಲ್ಲ ಸಾರಿದ್ರೇನೆ ಮುನಿಸ್ಕತಾಳೆ. ನನ್ನ ಈ ದೇಸ್ದಲ್ಲಿ ಬುಟ್ಟೋಯ್ತಾರೆ ಅಕ್ಕ. ಇಮಾನಕ್ಕೆ ಹತ್ತುಸ್ಕಳಕಿಲ್ಲ. ಇಲ್ಲೇ ಸತ್ರೆ ಮಣ್ಣು ಮಾಡೋರ್ಯಾರು?"

ಅವಳೇ ಮುಂದುವರಿದಳು. "ಅವತ್ತು ಗುಡೇಮಾರನಹಳ್ಳೀಲಿ ನಮ್ಮನೆ ಬಿತ್ನೆ ಗೂಡ್ನೂ ಹಿಂಗೇ ನೋಡ್ದೆ. ನಿನ್ ಕಣ್ಗೇ ಬೀಳ್ಬೇಕಿತ್ತಾ ಅದು?"

ಇದು ಹಳೆಯದು. ಅವಳ ಮದುವೆಯಾದ ಮೂರನೆಯ ವರ್ಷ, ಗುಡೇಮಾರನಹಳ್ಳಿಯ ಅವಳ ಗಂಡನ ಮನೆಯಲ್ಲಿ ಮೊಟ್ಟೆಗೆಂದೇ ಬೆಳೆದ ಬಿತ್ತನೆ ಗೂಡಿನ ಚಿಟ್ಟೆಗಳು ನನ್ನ ಮೇಜಿಗೆ ಬಂದವು. ರೋಗ ಕಂಡಿತು. ಮೊಟ್ಟೆಯನ್ನೆಲ್ಲ ಸುಡಿಸಿದೆ. ಎರಡು ಯುಗಾದಿ ಅವಳು ನನ್ನ ಮನೆಗೆ ಬರಲಿಲ್ಲ. ಅಂದು ಮೇಜಿನಿಂದ ಏಳುವ ಮೊದಲೇ ಕೆಂಪು ಶಾಯಿಯಲ್ಲಿ ಬರೆದಿದ್ದೆ. ಒಂದು ನಿಮಿಷವೂ ತಡಮಾಡಿರಲಿಲ್ಲ.

ಬೇರೆ ದೋಣಿ ಬಂತು, ಲೇಸ್ ದ್ವೀಪಕ್ಕೆ ಹೊತ್ತು ಮೀರಿದೆ, ಹಿಂದಿರುಗೋಣ ಎಂದು ಪಾವೊಲಾ ಕೂಗಿದಳು. ನಾನು ನಿಂಗಮ್ಮನ ತೋಳು ಕೆಳಕ್ಕೆ ಎಳೆದು ಮುಚ್ಚಿದೆ.

ಹಿಂದಿರುಗುವಾಗ

ಇದನ್ನು ಬರೆಯುವುದು ಕಷ್ಟ, ಆದರೂ ಬರೆಯುತ್ತೇನೆ. ಆ ದೋಣಿಯಲ್ಲಿ, ಆಮೇಲೆ ಬಸ್ಸಿನಲ್ಲಿ, ಒಟ್ಟು ಎರಡು ಗಂಟೆ ನಾನು ಯಾರಿಗೂ ಹೇಳಲಿಲ್ಲ.

ಮಾಡಿದ್ದು ಇಷ್ಟೇ. ನಿಂಗಮ್ಮನನ್ನು ಕೊನೆಯ ಸೀಟಿಗೆ ಕೂರಿಸಿ, ಪಕ್ಕದಲ್ಲಿ ನಾನು ಕೂತು, ಕಿಟಕಿ ತೆರೆದೆ. ಸುಷ್ಮಾ ಬಂದಾಗ "ಇಲ್ಲಿ ಜಾಗವಿಲ್ಲ, ಮುಂದೆ ಹೋಗು" ಎಂದೆ. ನನ್ನ ಕಚೇರಿಯ ಧ್ವನಿಯಲ್ಲಿ ಹೇಳಿದ್ದಿರಬೇಕು. ಆ ಹುಡುಗಿಯ ಮುಖ ಬಾಡಿತು.

"ನಾನೇನ್ ತಪ್ಪು ಮಾಡ್ದೆ ಅವ್ವ?" ಎಂದು ನಿಂಗಮ್ಮನನ್ನು ಕೇಳಿದಳು.

ನಿಂಗಮ್ಮ ಕಿಟಕಿಯ ಆಚೆ ನೋಡುತ್ತಾ ಕೂತಳು. ಅವಳ ಕಣ್ಣಲ್ಲಿ ನೀರಿತ್ತು. ನೀರಿನ ಮೇಲೆ ಎರಡು ಸಾಲಿನಲ್ಲಿ ನೆಟ್ಟ ಮರದ ಗೂಟಗಳು ಹೋಗುತ್ತಿದ್ದವು. ಗೂಟಗಳ ನಡುವೆ ಮಾತ್ರ ಆಳ, ದಾಟಿದರೆ ದೋಣಿ ಕೆಸರಿಗೆ ಹತ್ತುತ್ತದೆ ಎಂದು ಪಾವೊಲಾ ಬರುವಾಗ ಹೇಳಿದ್ದಳು. ನಾನು ಗೂಟ ಎಣಿಸಿದೆ. ಎಣಿಸುತ್ತಿದ್ದರೆ ತೀರ್ಮಾನ ಮಾಡಬೇಕಾಗಿರಲಿಲ್ಲ.

ಮೆಸ್ತ್ರೆ, ಸಂಜೆ ಆರು

ಹೋಟೆಲ್ ತಲುಪಿದೊಡನೆ ನಿಂಗಮ್ಮನನ್ನು ಕೋಣೆಯಲ್ಲಿ ಬಿಟ್ಟು ಕೆಂಪರಾಜು ಅವರನ್ನು ಪಕ್ಕಕ್ಕೆ ಕರೆದೆ. ವಿಷಯ ಕೇಳಿ ಅವರು ಸೋಫಾದ ಮೇಲೆ ಕುಸಿದರು.

"ಮೇಡಂ, ಮೆತ್ತಗೆ ಮಾತಾಡಿ. ನಾಡಿದ್ದು ಫ್ಲೈಟು. ಎರಡು ದಿನ ಅಡ್ಜಸ್ಟ್ ಮಾಡ್ಕಂಬುಡಿ. ತುಂಬ್ ತೋಳು, ತಲೆಗೊಂದು ಸ್ಕಾರ್ಫು, ಹತ್ತುಸ್ಬುಡಾಣ. ಊರಿಗೋದ್ಮೇಲೆ ನೋಡ್ಕಂಡ್ರಾಯ್ತು."

"ಸುಷ್ಮಾ?"

"ಆಗೋದು ಆಗೋಗದೆ. ಈಗ ಯೋಳಿದ್ರೆ ಆ ಹುಡ್ಗಿ ಬಯಬೀಳ್ತಾಳೆ ಅಷ್ಟೆಯ. ಇಪ್ಪತ್ ಜನಾನೂ ಇಡ್ಕಂಬುಟ್ರೆ? ನಂದು ಮೊದಲ್ನೇ ಟ್ರಿಪ್ಪು ಮೇಡಂ!"

ಅವರು ಕೆಟ್ಟ ಮನುಷ್ಯರಲ್ಲ. ಎರಡು ಗಂಟೆಯ ಕಾಲ ನನ್ನ ತಲೆಯೊಳಗಿದ್ದ ಮಾತನ್ನೇ ಹೊರಗೆ ಆಡಿದರು. ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ ಮೇಲೆ ನನಗೆ ಎದ್ದು ನಿಲ್ಲುವುದು ಸುಲಭವಾಯಿತು.

ಸುಷ್ಮಾ, ಹರೀಶ ಹೋಟೆಲಿನ ಮುಂದಿನ ಬೆಂಚಿನ ಮೇಲಿದ್ದರು. ಜೂನಿನಲ್ಲಿ ಅಲ್ಲಿ ಒಂಬತ್ತರವರೆಗೂ ಬೆಳಕು. ನಾನು ನಿಂತುಕೊಂಡೇ ಹೇಳಿದೆ. ಏನು ಕಂಡೆ, ಏನಾಗಬಹುದು, ಈಗಲೇ ರಕ್ತ ಪರೀಕ್ಷೆ ಮಾಡಿಸಬೇಕು ಎಂದು.

ಹರೀಶ ಎದ್ದ. "ನಿಮಗೆ ಯಾವಾಗ ಗೊತ್ತಾಯ್ತು?"

"ದ್ವೀಪದಲ್ಲಿ. ಬೆಳಗ್ಗೆಯೇ ಅನುಮಾನ ಇತ್ತು."

"ಬೆಳಗ್ಗೆ! ದೋಣೀಲಿ ಪಕ್ಕದಲ್ಲೇ ಕೂತಿದ್ಲಲ್ರೀ ಇವಳು! ನೋಡ್ಕಂಡು ಸುಮ್ನಿದ್ರಾ?"

"ಹೌದಪ್ಪ."

"ನಿಮ್ಮ ತಂಗಿ ಅಂತ ತಾನೆ?"

"ಹೌದು."

ಸುಷ್ಮಾ ಆಗಲೇ ಮಾಗಡಿಗೆ ಫೋನು ಹಚ್ಚಿದ್ದಳು. "ಅಮ್ಮಾ, ನಂಗೆ ಚಿಕ್ಕೋಳಿದ್ದಾಗ ಅಮ್ಮ ಆಗಿತ್ತಾ?" ಆ ಕಡೆಯ ದನಿ ನಮಗೂ ಕೇಳುತ್ತಿತ್ತು. "ನಿಂಗಲ್ಲ ಕಣೆ, ನಿಮ್ಮಣ್ಣಂಗೆ. ನಿನ್ನ ಅತ್ತೆ ಮನೇಲಿ ಬುಟ್ಟಿದ್ದೊ. ಯಾಕೆ? ಸುಷ್ಮೀ, ಯಾಕೆ?"

ಸುಷ್ಮಾ ಫೋನು ಇಟ್ಟಳು.

ಆಸ್ಪತ್ರೆ

ಪಾವೊಲಾ ತನ್ನ ಊಟ ಬಿಟ್ಟು ಬಂದಳು. ನಮ್ಮ ನಡುವೆ ಮೂರು ಭಾಷೆ ದಾಟಿ ಮಾತು ಹೋಗಬೇಕಾಗಿತ್ತು, ಮಾಗಡಿ ಕನ್ನಡದಿಂದ ನನ್ನ ಇಲಾಖೆಯ ಇಂಗ್ಲಿಷಿಗೆ, ಅಲ್ಲಿಂದ ಇಟಾಲಿಯನ್ನಿಗೆ. ಅಲ್ಲಿನ ಲೇಡಿ ಡಾಕ್ಟರು ಗಡಿಬಿಡಿ ಮಾಡಲಿಲ್ಲ. ಯಾವ ದಿನ, ಎಷ್ಟು ಹೊತ್ತು, ಎಷ್ಟು ಹತ್ತಿರ, ಎಂದು ಒಂದೊಂದಾಗಿ ಬರೆದುಕೊಂಡರು. ನನ್ನ ಉತ್ತರ ಗಂಟೆ ನಿಮಿಷ ಸಮೇತ ಇತ್ತು. ಅದನ್ನು ಮೆಚ್ಚಿಕೊಂಡರು. ನನಗೆ ನಾಚಿಕೆಯಾಯಿತು.

ರಕ್ತದ ಫಲಿತಾಂಶ ಮರುದಿನ ಮಧ್ಯಾಹ್ನ. ಅಲ್ಲಿಯವರೆಗೆ ಹೋಟೆಲಿನಲ್ಲಿ ನಡೆದದ್ದನ್ನು ನೆನೆದರೆ ಈಗ ನಗು ಬರುತ್ತದೆ. ಸುದ್ದಿ ಹರಡಿ, ಉಳಿದ ಹದಿನಾರು ಜನ ಊಟದ ಕೋಣೆಯಲ್ಲಿ ಒಬ್ಬರ ಮುಖ ಒಬ್ಬರು ಹತ್ತಿರದಿಂದ ನೋಡಿ ಹಳೆಯ ಕಲೆ ಹುಡುಕುತ್ತಿದ್ದರು. ಹಣೆಯ ಮೇಲೆ ಒಂದು ಗುಳಿ ಇದ್ದವರು ಪಾಸ್‌ಪೋರ್ಟ್ ತೋರಿಸುವಂತೆ ತೋರಿಸಿ ಕೂತರು. ಚನ್ನಪಟ್ಟಣದ ಒಬ್ಬರು ಅಂಗಿ ಎತ್ತಿ ಬೆನ್ನು ತೋರಿಸಲು ಹೋದಾಗ ಜರ್ಮನ್ ದಂಪತಿ ಎದ್ದು ಹೋದರು. ಅವತ್ತು ನಮಸ್ಕಾರ ಮಾಡಲಿಲ್ಲ.

ಕೋಣೆಯಲ್ಲಿ ನಿಂಗಮ್ಮನಿಗೆ ಜ್ವರ ಏರಿತ್ತು. ಡಾಕ್ಟರು ಕೊಟ್ಟ ಮಾತ್ರೆಯನ್ನು ಅವಳು ಮುಟ್ಟಿರಲಿಲ್ಲ. ಅಮ್ಮನಿಗೆ ಮಾತ್ರೆ ಕೊಡುವುದು ಅವಳ ಲೆಕ್ಕದಲ್ಲಿ ಬಾಗಿಲಿಗೆ ಬಂದವಳನ್ನು ಒದ್ದು ಓಡಿಸಿದಂತೆ. ಮಧ್ಯಾಹ್ನ ಪಾವೊಲಾ ಫೋನು ಮಾಡಿದಳು. ಸುಷ್ಮಾಳ ರಕ್ತದಲ್ಲಿ ಈ ರೋಗದ ವಿರುದ್ಧ ರಕ್ಷಣೆ ಇರಲಿಲ್ಲ.

ಇಂಜೆಕ್ಷನ್ ಆಗಲೇ ಕೊಡುತ್ತಿದ್ದಾರೆ, ಬೇಗ ಹೇಳಿದ್ದು ಒಳ್ಳೆಯದಾಯಿತು, ಊರಿಗೆ ಹೋಗಿ ಹೇಳಿದ್ದರೆ ಕಷ್ಟವಾಗುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ಇನ್ನು ನಾಲ್ಕು ವಾರ ಮೈಮೇಲೆ ಗುಳ್ಳೆ ಏಳದೆ ಇದ್ದರೆ ಭಯವಿಲ್ಲ. ಎದ್ದರೆ ತಕ್ಷಣ ದೊಡ್ಡ ಆಸ್ಪತ್ರೆ.

ನಾನು ಅದನ್ನು ನಿಂಗಮ್ಮನಿಗೆ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿದಳು. ಆಮೇಲೆ ಎದ್ದು, ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

"ಮುನಿಸ್ಕಳೋದಾದ್ರೆ ನನ್ ಮ್ಯಾಲೆ ಮುನಿಸ್ಕಳ್ಳಿ" ಎಂದಳು.

ಮೂರನೆಯ ಮಹಡಿಯ ಕೋಣೆ

ಗುಂಪು ಹೊರಟಿತು. ಗುಳ್ಳೆ ಒಣಗುವವರೆಗೆ ನಾವಿಬ್ಬರು ಅಲ್ಲೇ ಉಳಿಯಬೇಕಾಗಿತ್ತು. ಕೆಂಪರಾಜು ಅವಲಕ್ಕಿ, ಪುಳಿಯೋಗರೆ ಗೊಜ್ಜು, ನಾಲ್ಕು ನಿಂಬೆಹಣ್ಣು ಬಾಗಿಲ ಹೊರಗಿಟ್ಟು, ಹತ್ತು ಹೆಜ್ಜೆ ದೂರ ನಿಂತು ಕೈ ಮುಗಿದರು. "ನಂದು ತಪ್ಪಾಯ್ತು ಮೇಡಂ" ಎಂದರು. ನಾನು ಬಾಗಿಲ ಸಂದಿಯಿಂದ, ನನ್ನದೂ ಎಂದೆ.

ಬಸ್ಸು ಹೊರಡುವ ಮುಂಚೆ ಕೆಳಗಿನಿಂದ ಒಂದು ಕೂಗು ಕೇಳಿತು. ಸುಷ್ಮಾ ಕಾರು ನಿಲ್ಲಿಸುವ ಜಾಗದಲ್ಲಿ ನಿಂತು ಮೇಲೆ ನೋಡುತ್ತಿದ್ದಳು. ಹರೀಶ ದೂರದಲ್ಲಿ ಬೆನ್ನು ಮಾಡಿ ನಿಂತಿದ್ದ. ನಿಂಗಮ್ಮ ಗೋಡೆ ಹಿಡಿದುಕೊಂಡು ಕಿಟಕಿಗೆ ಬಂದಳು. ಮುಖವೆಲ್ಲ ಗುಳ್ಳೆ. ಹುಡುಗಿ ಹೆದರಬಹುದು ಎಂದು ಸೆರಗು ಎಳೆದುಕೊಂಡಳು.

"ಅವ್ವಾ, ಜ್ವರ ಇಳೀತಾ?"

"ನಂದಿರ್ಲಿ! ನೀನು ಬಾದಾಮಿ ತಿಂದ್ಯಾ?"

"ತಿಂದೆ!"

"ಸೀಟ್ನಾಗೆ ಕಾಲು ಇಳಿಬುಟ್ಕಂಡ್ ಕೂರ್ಬ್ಯಾಡ, ಊದ್ಕತಾವೆ!"

ಎದುರು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಕೈಬಿಟ್ಟು ನೋಡುತ್ತಾ ನಿಂತಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ನಿಂಗಮ್ಮ ಕಿಟಕಿಯ ಕೆಳಗೇ ಕೂತುಬಿಟ್ಟಳು. ಅವತ್ತು ಸಂಜೆ ಅವಳಿಗೆ ಕೆಮ್ಮು ಶುರುವಾಯಿತು. ವಯಸ್ಸಾದವರಿಗೆ ಎದೆಗೆ ಇಳಿಯಬಹುದು, ಉಸಿರಾಟ ಗಮನಿಸಿ ಎಂದಿದ್ದರು ಡಾಕ್ಟರು. ನಾನು ಗಡಿಯಾರ ಮುಂದಿಟ್ಟುಕೊಂಡು ಅವಳ ಉಸಿರು ಎಣಿಸಿ ಕಾಗದದ ಮೇಲೆ ಬರೆದೆ. ಎರಡು ದಿನ ಹಾಗೆ ಹೋಯಿತು. ಮೂರನೆಯ ದಿನ ಅವಳು "ಬರ್ದಿದ್ ಸಾಕು, ಒಸಿ ಗಂಜಿ ಕೊಡು" ಎಂದಳು.

ಪಾವೊಲಾ ದಿನಾ ಬರುತ್ತಿದ್ದಳು. ಅವಳಿಗೂ ಚಿಕ್ಕಂದಿನಲ್ಲಿ ಆಗಿತ್ತಂತೆ. ಬೇವಿನ ಸಂಗತಿ ಹೇಳಿದ್ದಕ್ಕೆ ಮರುದಿನ ತನ್ನ ಬಾಲ್ಕನಿಯಲ್ಲಿ ಬೆಳೆದ ರೋಸ್‌ಮರಿ ಗಿಡದ ಒಂದು ಕಂತೆ ತಂದಳು. ದ್ವೀಪದಲ್ಲಿ ಸರಕಿಗೆ ಇಂಥ ಸೊಪ್ಪಿನ ಹೊಗೆಯನ್ನೇ ಹಾಕುತ್ತಿದ್ದರು ಎಂದಳು. ನಿಂಗಮ್ಮ ಒಂದು ಎಲೆ ಅಗಿದು ನೋಡಿ, "ಬೇವಲ್ಲ, ಆದ್ರೂ ಕಹಿ ಐತೆ" ಎಂದು ಬಾಗಿಲ ಹಿಡಿಗೆ ಹೊರಗಿನಿಂದ ಕಟ್ಟಿಸಿದಳು. ಊಟ ತರುವ ಹುಡುಗಿಗೆ ಯಾರೂ ವಿವರಿಸಿರಲಿಲ್ಲ. ಆದರೂ ಅಂದಿನಿಂದ ಅವಳು ತಟ್ಟೆ ನೆಲಕ್ಕಿಟ್ಟು, ಬಾಗಿಲು ಬಡಿದು, ದೂರ ಹೋಗಿ ನಿಂತು ಕೈಬೀಸುತ್ತಿದ್ದಳು.

ಗುಳ್ಳೆ ಒಣಗಿ, ಡಾಕ್ಟರು ಕಾಗದ ಕೊಟ್ಟ ಮೇಲೆ ನಾವು ಹೊರಟೆವು.

ರಾಮನಗರ, ಬೆಳಗಿನ ಆರು

ಮನೆಗೆ ಬಂದ ದಿನದಿಂದ ಬೆಳಗ್ಗೆ ಆರಕ್ಕೆ ಸುಷ್ಮಾಗೆ ಫೋನು ಮಾಡತೊಡಗಿದೆ. "ಏನಾದರೂ ಕಂಡಿತಾ?" "ಇಲ್ಲ ಮೇಡಂ." ಕ್ಯಾಲೆಂಡರಿನಲ್ಲಿ ಒಂದು ಗೆರೆ. ಅಷ್ಟೇ ಮಾತು. ಹರೀಶ ಒಂದು ದಿನವೂ ಫೋನಿಗೆ ಬರಲಿಲ್ಲ.

ದ್ವೀಪಕ್ಕೆ ಹೋದ ದಿನದಿಂದ ಎಣಿಸಿ ಹತ್ತೊಂಬತ್ತನೆಯ ದಿನ ಯಾರೂ ಎತ್ತಲಿಲ್ಲ. ಆರೂಕಾಲಿಗೂ ಇಲ್ಲ. ಆರೂವರೆಗೆ ಹರೀಶ ಎತ್ತಿದ. "ಕತ್ತಿನ ಮೇಲೆ ಎರಡು ಕೆಂಪಗೆ ಎದ್ದಿದೆ" ಎಂದ.

ನಾನು ಮಾಗಡಿ ಬಸ್ಸು ಹತ್ತಿದೆ. ಚೀಲದಲ್ಲಿ ನನ್ನ ಹಳೆಯ ಕೈಮಸೂರ ಇತ್ತು. ಹರೀಶ ನನ್ನನ್ನು ಒಳಗೆ ಕರೆಯಲಿಲ್ಲ, ಜಗಲಿಯ ಮೇಲೆ ಕುರ್ಚಿ ಹಾಕಿದ. ಸುಷ್ಮಾ ಕೂತು ಕತ್ತು ಬಾಗಿಸಿದಳು. ಮಸೂರ ಹಿಡಿದು ನೋಡಿದೆ. ಉಬ್ಬಿತ್ತು, ಕೆಂಪಗಿತ್ತು, ಒಳಗೆ ನೀರು ತುಂಬಿರಲಿಲ್ಲ.

"ಸೊಳ್ಳೆ ಇರಬೇಕು. ಆದರೂ ಡಾಕ್ಟರಿಗೆ ತೋರಿಸಿ" ಎಂದೆ. ಡಾಕ್ಟರೂ ಸಂಜೆಗೆ ಅದನ್ನೇ ಹೇಳಿದರು. ನಾನು ಹೊರಡುವಾಗ ಸುಷ್ಮಾ ಕಾಫಿ ತರುತ್ತೇನೆ ಎಂದಳು. ಬೇಡ ಎಂದು ಬಸ್ಸಿಗೆ ನಡೆದೆ.

ಇಪ್ಪತ್ತೆಂಟನೆಯ ದಿನ ಅವಳು ನಕ್ಕಳು. "ಮೇಡಂ, ಇವತ್ತಿಗೆ ಮುಗೀತು. ಸ್ಕ್ಯಾನಿಂಗೂ ಚೆನ್ನಾಗೈತಂತೆ."

"ಡಾಕ್ಟರ ಲೆಕ್ಕ ಮುಗೀತಮ್ಮ. ನಂದು ನಲವತ್ತು" ಎಂದೆ.

"ಯಾಕೆ ಮೇಡಂ?"

"ಎರಡು ಗಂಟೆ ಬಾಯಿ ಮುಚ್ಚಿಕೊಂಡಿದ್ದೆನಲ್ಲ. ಹನ್ನೆರಡು ದಿನ ಹೆಚ್ಚಿಗೆ ಎಣಿಸುತ್ತೇನೆ ಬಿಡು."

ಅವಳು ಬೇಡ ಎನ್ನಲಿಲ್ಲ.

ನಲವತ್ತನೆಯ ದಿನಕ್ಕೆ ನಿಂಗಮ್ಮ ಗುಡೇಮಾರನಹಳ್ಳಿಯಿಂದ ಬಂದು ನನ್ನ ಮನೆಯಲ್ಲಿ ಉಳಿದಿದ್ದಳು. ಕಬ್ಬಾಳಿಗೆ ಹೋಗಿ ಮೊಸರನ್ನದ ಎಡೆ ಇಟ್ಟು ಅಮ್ಮನಿಗೆ ತಂಪು ಮಾಡಿ ಬಂದಿದ್ದಳು. ಬೆಳಗ್ಗೆ ಇಬ್ಬರೂ ಫೋನಿನ ಮುಂದೆ ಕೂತಿದ್ದೆವು. ಆರಕ್ಕೆ ಇನ್ನೂ ಐದು ನಿಮಿಷವಿತ್ತು. ಫೋನು ತಾನೇ ಬಡಿದುಕೊಂಡಿತು. ನಿಂಗಮ್ಮ ನನ್ನ ಮೊಣಕೈ ಹಿಡಿದಳು.

ಹರೀಶನ ದನಿ. "ಮೇಡಂ, ನಲವತ್ತಾಯ್ತು. ಏನೂ ಕಂಡಿಲ್ಲ. ನಾಳೆಯಿಂದ ಫೋನ್ ಮಾಡ್ಬೇಡಿ."

"ಇಲ್ಲಪ್ಪ, ಮಾಡಲ್ಲ" ಎಂದೆ.

"ಮನೆಗೆ ಬನ್ನಿ. ಭಾನುವಾರ. ಒಳಗೆ ಬಂದು ಊಟ ಮಾಡ್ಬೇಕು, ಅವ್ವನ್ನೂ ಕರ್ಕಂಡು." ಮತ್ತೆ ಕೇಳಿದ. "ಸುಷ್ಮಾ ಮೊಸರನ್ನ ಮಾಡ್ತಾಳಂತೆ. ಒಗ್ಗರಣೆ ಹಾಕಬಹುದಾ, ಅವ್ವನ್ನ ಒಂದು ಮಾತು ಕೇಳಿ."

ನಾನು ನಿಂಗಮ್ಮನ ಕಡೆ ನೋಡಿದೆ. ಅವಳಿಗೆ ಎಲ್ಲವೂ ಕೇಳಿಸಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು, ಫೋನನ್ನು ತನ್ನ ಕಡೆಗೆ ಎಳೆದುಕೊಂಡಳು.

"ಇಂಗು ಒಸಿ ಜಾಸ್ತೀನೇ ಆಕ್ಲಿ ಕಣಪ್ಪ" ಎಂದಳು.